ಕಡೆಯ ಫೈಲಿನ ಮುಂದೆ ಕಿವಿಯಕ್ಕ

ಬೆಳಕು ಹರಿಯುವ ಮುನ್ನವೇ ಕಿವಿಯಕ್ಕ ಫ್ಯಾನ್ ಆರಿಸುತ್ತಾರೆ, ಕಿಟಕಿ ಮುಚ್ಚುತ್ತಾರೆ, ಓಲೆ ಬಿಚ್ಚಿಟ್ಟು ಮೇಜಿನ ಮೇಲೆ ಬಗ್ಗುತ್ತಾರೆ. ಮುಂದೆ ಸ್ಪಂಜಿನ ಮೇಲೆ ಅಂಗೈಯಗಲದ ಹಾರ್ಡ್ ಡಿಸ್ಕ್. ಮರದ ಕಡ್ಡಿಯ ಒಂದು ತುದಿಯನ್ನು ಅದರ ಮೈಗೆ, ಇನ್ನೊಂದನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕರೆಂಟು ಕೊಡುತ್ತಾರೆ. ಮೊದಲು ಸುಯ್ ಎಂಬ ಸದ್ದು. ಆಮೇಲೆ ಟಿಕ್. ತುಸು ಮೌನ. ಮತ್ತೆ ಟಿಕ್. ಮುಚ್ಚಿದ ಬಾಗಿಲನ್ನು ಒಳಗಿನಿಂದ ಯಾರೋ ಉಗುರಿನಲ್ಲಿ ತಟ್ಟಿದ ಹಾಗೆ ಕೇಳಿಸಿ ಮೈ ಜುಮ್ಮೆನ್ನುತ್ತದೆ.

"ಉಸಿರೂ ಮೆಲ್ಲಗೆ ಬಿಡಿ. ಇದು ಹೋಗೋ ಜೀವ" ಎನ್ನುತ್ತಾರೆ ಅವರು, ಎದುರು ಕೂತ ದಂಪತಿಗೆ.

ಕೆಳಗಿನ ಅಂತಸ್ತಿನಲ್ಲಿ ಮುದ್ರಣಾಲಯವಿದೆ. ಅದರ ಯಂತ್ರ ಶುರುವಾದರೆ ನೆಲವೇ ನಡುಗುವುದರಿಂದ ಸೂಕ್ಷ್ಮದ ಕೆಲಸವೆಲ್ಲ ಅಷ್ಟರೊಳಗೆ ಆಗಬೇಕು. ಮೇಲಿನ ಕಂಪ್ಯೂಟರ್ ರಿಪೇರಿ ಅಂಗಡಿ ತಮ್ಮನದು, ಹಿಂದಿನ ಕೋಣೆ ಅಕ್ಕನದು. ಡಿಸ್ಕ್ ಬದುಕಿದರೆ ಜನ ತಮ್ಮನ ಕೈಕುಲುಕಿ ಹೋಗುತ್ತಾರೆ. ಹೊಗಳಿಕೆಯೆಲ್ಲ ಮುಂದಿನ ಕೌಂಟರಿನಲ್ಲೇ ಖರ್ಚಾಗಿ ಹಿಂದಿನ ಕೋಣೆಗೆ ಬರೀ ಚಹಾ ಬರುತ್ತದೆ.

ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಕಣ್ಣು ಮುಚ್ಚಿಕೊಂಡು, ಸದ್ದಿನಿಂದಲೇ ಯಾವ ಚಕ್ರ ಸವೆದಿದೆ ಎಂದು ಹೇಳುವುದೇ ಮಗಳ ಆಟವಾಗಿತ್ತು. ಆ ಕಸುಬು ಬಡವಾದ ಮೇಲೆ, ಗಂಡನೂ ಹಾಸಿಗೆ ಹಿಡಿದ ಮೇಲೆ, ಅದೇ ಕಿವಿ ಮನೆಯನ್ನು ಸಾಕಿತು. ಈಗ ದಿನಕ್ಕೆ ಐದಾರು ಡಿಸ್ಕ್ ಬರುತ್ತವೆ. ಕೆಲವಕ್ಕೆ ಕೇಬಲ್ ಬದಲಿಸಿದರೆ ಸಾಕು, ರೋಗವೇ ಇರುವುದಿಲ್ಲ. ಟಿಕ್ ಎನ್ನುವುದು ಬಂದರೆ ಮಾತ್ರ ಕಿವಿಯಕ್ಕನ ಮುಖ ಗಂಭೀರವಾಗುತ್ತದೆ.

ಸ್ಪಂಜಿನ ಮೇಲಿನ ಈ ಡಿಸ್ಕ್ ಒಬ್ಬ ಬಸ್ ಚಾಲಕರದು. ಅವರ ಹೆಂಡತಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಹೋಗಿದೆ. ಆಸ್ಪತ್ರೆಗೆ ಸೇರುವ ಮುನ್ನ ಆಕೆ ಕೋಣೆಯ ಬಾಗಿಲು ಹಾಕಿಕೊಂಡು ತನ್ನ ದನಿಯನ್ನು ಒಂದಷ್ಟು ಫೈಲುಗಳಲ್ಲಿ ತುಂಬಿಟ್ಟಿದ್ದರು. ಕೇಳುವ ಧೈರ್ಯ ಚಾಲಕರಿಗೆ ಎಷ್ಟೋ ದಿನ ಬರಲಿಲ್ಲ. ಬಂದಾಗ ಡಿಸ್ಕ್ ತಟ್ಟತೊಡಗಿತ್ತು. ಬ್ಯಾಕಪ್ ಪ್ರತಿ ಸಲವೂ ಒಂದೇ ಕಡೆ, ಕಡೆಯ ಫೈಲಿನಲ್ಲಿ, ನಿಂತುಬಿಡುತ್ತಿತ್ತು.

"ಅವಳೇ ಬೇಡ ಅಂತಿದ್ದಾಳೇನೋ ಅನ್ಸುತ್ತೆ ಅಕ್ಕ" ಎಂದು ಚಾಲಕರು ದನಿ ತಗ್ಗಿಸಿ ಹೇಳುತ್ತಾರೆ. ಪಕ್ಕದಲ್ಲೇ ಕೂತ ಹೆಂಡತಿ ಅಲ್ಲವೆಂದು ಜೋರಾಗಿ ತಲೆಯಾಡಿಸುತ್ತಾರೆ.

"ಅವರೇನೂ ಅಂತಿಲ್ಲ ಅಣ್ಣ. ಡಿಸ್ಕಿಗೆ ಅಲ್ಲೇ ಗಾಯ. ನಿಂತಾಗೆಲ್ಲ ನೀವು ಮತ್ತೆ ಮತ್ತೆ ಒತ್ತಿದ್ರಲ್ಲ, ಗಾಯ ಕೆರೆದ ಹಾಗಾಯ್ತು."

"ಇನ್ನೊಂದು ಡಿಸ್ಕಲ್ಲೂ ಕಾಪಿ ಇದೆಯಲ್ಲ?"

"ಅದು ಕನ್ನಡಿ, ಇದರಲ್ಲಿರೋದನ್ನೇ ತಾನಾಗಿ ನಕಲು ಮಾಡುತ್ತೆ. ಮುಖಕ್ಕೆ ಗಾಯ ಆದ್ರೆ ಕನ್ನಡೀಲೂ ಗಾಯ. ಚೆನ್ನಾಗಿದ್ದ ಹಳೇ ಕಾಪಿ ಮೇಲೆ ಅದು ಕೆಟ್ಟದ್ದನ್ನೇ ಬರೆದಿದೆ."

ಚಾಲಕರ ಮುಖ ಕಪ್ಪಿಡುತ್ತದೆ. ಆ ಫೈಲಿಗೆ ಉಳಿದಿರುವುದು ಈ ತಟ್ಟುವ ಡಿಸ್ಕ್ ಒಂದೇ, ಅದೂ ಎಷ್ಟು ಹೊತ್ತೋ.

ಕಿವಿಯಕ್ಕನ ದಾರಿ ಸುತ್ತುಬಳಸಿನದು. ಗಾಯದ ತಂಟೆಗೆ ಹೋಗದೆ ಮೊದಲು ಗಟ್ಟಿಯಿರುವುದನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸುತ್ತಾರೆ. ಟಿಕ್ ಟಿಕ್ ನಡುವಿನ ಬಿಡುವು ಕಡಿಮೆಯಾದರೆ ಕರೆಂಟು ತೆಗೆದು ತಣ್ಣಗಾಗಲು ಬಿಡುತ್ತಾರೆ. ಕಡೆಗೆ ಆ ಫೈಲನ್ನು ತುದಿಯಿಂದ ಹಿಂದಕ್ಕೆ, ಕಳ್ಳಹೆಜ್ಜೆಯಲ್ಲಿ, ಚೂರು ಚೂರಾಗಿ ಓದಿಸುತ್ತಾರೆ. ಮೂರನೆಯ ಬೆಳಗ್ಗೆ ತಟ್ಟುವುದು ನಿಲ್ಲುತ್ತದೆ. ಡಿಸ್ಕ್ ಮತ್ತೆ ಏಳುವುದಿಲ್ಲ. ಅಷ್ಟರಲ್ಲಿ ಫೈಲು ಈಚೆಗೆ ಬಂದಿದೆ, ನಡುವೆ ಒಂದು ತುಂಡು ಬಿಟ್ಟು.

ಸ್ಪೀಕರ್ ಹಚ್ಚುತ್ತಾರೆ. ಮಾತು ಕಳೆದುಕೊಂಡು ಕೂತಿರುವ ಹೆಂಗಸಿನ ದನಿ, ಆಕೆಯ ಎದುರೇ, ಗೋಡೆಯ ಕಡೆಯಿಂದ ಕೇಳಿಬರುತ್ತದೆ. "ಏನೂಂದ್ರೆ, ಕೇಳಿಸ್ತಿದೆಯಾ?" ಚಾಲಕರು ಬೆಚ್ಚಿ ಹೆಂಡತಿಯತ್ತ ತಿರುಗುತ್ತಾರೆ. ಆಕೆಯ ತುಟಿಗಳು ಆ ದನಿಗೆ ಸರಿಯಾಗಿ ಆಡುತ್ತಿವೆ. ಮಾತು ಸ್ಪೀಕರಿನಿಂದ, ತುಟಿ ಇಲ್ಲಿ. ಇನ್ನು ತಿನ್ನಬೇಕಾಗಿರುವ ಆಸ್ಪತ್ರೆಯ ತಟ್ಟೆಯೂಟವನ್ನು ಮುಂಚೆಯೇ ಬೈಯುತ್ತಾ, ಗಂಡನ ಗೊರಕೆಯನ್ನು ಆಡಿಕೊಳ್ಳುತ್ತಾ ಹೋದ ದನಿ "ನೀವು ಹೆದರ್ಬೇಡಿ, ನಾನು…" ಎನ್ನುವಾಗ ಕತ್ತರಿಸಿದಂತೆ ನಿಲ್ಲುತ್ತದೆ.

ಆ ತುಂಡು ಹೋದ ಜಾಗವನ್ನು ಮುಚ್ಚಿ ಎರಡು ತುದಿ ಕೂಡಿಸುವುದು ಸುಲಭ, ಯಾರಿಗೂ ಗೊತ್ತಾಗುವುದಿಲ್ಲ. ಕಿವಿಯಕ್ಕ ಕೂಡಿಸಿಲ್ಲ. "ಹೋದದ್ದು ಹೋಗಿದೆ ಅಂತ ಗೊತ್ತಾಗ್ಲಿ. ಅವರ ಮಾತಿಗೆ ನಾನ್ಯಾಕೆ ತೇಪೆ ಹಾಕ್ಲಿ?"

ಸ್ಪೀಕರಿನಲ್ಲಿ ಸದ್ದಿಲ್ಲ. ಕೋಣೆಯಲ್ಲೂ ಇಲ್ಲ. ಆಕೆಯ ತುಟಿಗಳು ಮಾತ್ರ ನಿಂತಿಲ್ಲ. ಇಷ್ಟು ದಿನದಲ್ಲಿ ಆ ತುಟಿಗಳನ್ನು ಓದಲು ಕಲಿತಿರುವ ಚಾಲಕರು ಕುರ್ಚಿಯಿಂದ ಅರ್ಧ ಎದ್ದು ನೋಡುತ್ತಾರೆ. ದನಿ ಮತ್ತೆ ಶುರುವಾದರೂ ಅತ್ತ ಅವರಿಗೆ ಲಕ್ಷ್ಯವಿಲ್ಲ. "ಇನ್ನೊಂದ್ಸಲ ಹೇಳು" ಎನ್ನುತ್ತಾರೆ, ಸ್ಪೀಕರಿಗಲ್ಲ, ಹೆಂಡತಿಗೆ.

ಏನು ಹೇಳಿದರು ಎಂದು ಕಿವಿಯಕ್ಕ ಕೇಳಿಲ್ಲ. ಮೆಲ್ಲಗೆ ಎದ್ದು ಕಿಟಕಿ ತೆರೆಯುವಾಗ ಕೆಳಗೆ ಮುದ್ರಣಾಲಯದ ಯಂತ್ರ ಶುರುವಾಗುತ್ತದೆ.

"ಹೋಗುವಾಗ ಇಬ್ರಿಗೂ ನನ್ನ ನೆನಪೇ ಇರ್ಲಿಲ್ಲ" ಎಂದು ಕಿವಿಯಕ್ಕ ಆಮೇಲೆ ತಮ್ಮನೊಡನೆ ಹೇಳಿ ನಗುತ್ತಾರೆ. "ಕೆಲಸ ಸರಿಯಾಗಿ ಆದ್ರೆ ಹಾಗೇ ಆಗೋದು."