ಕೊಯ್ದ ನಾಲ್ಕು ಕಬ್ಬಿಣ

ನನ್ನ ಗಂಡ ತೀರಿಕೊಂಡ ಮೂರನೇ ತಿಂಗಳು ಮೈದುನ ಬಂದು, “ಅಣ್ಣನ ಗಾಡಿ ಇನ್ನು ನಂದು ಅತ್ತಿಗೆ. ಮೋಟುಬೆರಳಣ್ಣನಿಗೆ ಕೊಟ್ಟು ಭಾರ ಇಳಿಸಿ ಕುದುರೆ ಥರ ಮಾಡಿಸ್ತೀನಿ” ಎಂದ. ಆ ವೆಲ್ಡರನ ಹೆಸರು ಕೇಳಿದ್ದು ಅವತ್ತೇ ಮೊದಲು. ನಾವಿಬ್ಬರೂ ಊರೂರು ಸುತ್ತಿದ ದೊಡ್ಡ ಮೋಟಾರ್ ಸೈಕಲ್ ಅದು. ಬೇಡವೆಂದರೂ ತಳ್ಳಿಕೊಂಡು ಹೋದ.

ಮೈದುನ ಹೇಳಿದಂತೆ ಮೋಟುಬೆರಳಣ್ಣ, ಸಾಮಾನಿನ ಪೆಟ್ಟಿಗೆ ಹೊರುವ ಎರಡು ಕಬ್ಬಿಣದ ಪಟ್ಟಿಗಳನ್ನೂ ನಾನು ಬೆನ್ನು ಆನಿಸುತ್ತಿದ್ದ ಎರಡನ್ನೂ ಚೌಕಟ್ಟಿನಿಂದ ಕೊಯ್ದು, ಬುಡವನ್ನು ನುಣ್ಣಗೆ ಉಜ್ಜಿದ. ಕೊಯ್ದದ್ದನ್ನು ಅವನು ಗುಜರಿಗೆ ಹಾಕುತ್ತಿರಲಿಲ್ಲ. ತಂತಿ ಕಟ್ಟಿ ಗಾಡಿಯ ಯಜಮಾನರಿಗೇ ಒಪ್ಪಿಸುವುದು ಅವನ ಪದ್ಧತಿ. ಗಾಡಿಯ ಕಾಗದದಲ್ಲಿ ನನ್ನ ಗಂಡನ ಹೆಸರು ನೋಡಿ ಮನೆ ಹುಡುಕಿಕೊಂಡು ಬಂದ. ನಡೆದದ್ದು ಕೇಳಿ ಅವನ ಮುಖ ಕೆಂಪಾಯಿತು, ಕಟ್ಟನ್ನು ನನ್ನ ಕೈಗಿಟ್ಟ.

“ನನ್ನ ಕೈಲಿ ಪಾಪ ಮಾಡಿಸಿದ್ನಲ್ಲಕ್ಕಾ!”

ವರ್ಷದ ಮೇಲೆ ಹಳೆ ಗಾಡಿಗಳ ಶೋಕಿಯವನೊಬ್ಬ ಮೈದುನನಿಂದ ಆ ಗಾಡಿ ಕೊಳ್ಳಲು ಬಂದ. ಕಂಪನಿಯ ಕಬ್ಬಿಣ ಮತ್ತೆ ಕೂರಿಸಿದರೆ ಮಾತ್ರ ಎಂದನಂತೆ. ಮೈದುನ ವೆಲ್ಡರನ ಶೆಡ್ಡಿಗೆ ಓಡಿದ.

“ಯಜಮಾನ್ತಿ ಹತ್ರ ಇದೆ, ಹೋಗಿ ಕಾಲಿಗೆ ಬೀಳು” ಎಂದ ಮೋಟುಬೆರಳಣ್ಣ.

ಮೈದುನ ನನ್ನ ಹೊಸ್ತಿಲಲ್ಲಿ ಎರಡು ಗಂಟೆ ಕೂತ. “ಆ ತುಂಡುಗಳು ನಿಮಗ್ಯಾಕೆ ಅತ್ತಿಗೆ?”

“ಬೆಕ್ಕು ಬರದ ಹಾಗೆ ಬಾಗಿಲಿಗೆ ಒತ್ತಿಡೋಕೆ” ಎಂದೆ. ಆ ಮಧ್ಯಾಹ್ನದಷ್ಟು ರುಚಿಯಾದ ಊಟ ನಾನು ಉಂಡಿಲ್ಲ.

ಮುಂದೆ ಎದೆರೋಗದಿಂದ ಹಾಸಿಗೆ ಹಿಡಿದ ಮೋಟುಬೆರಳಣ್ಣನನ್ನು ನೋಡಲು ಹೋದಾಗ ಅವನು ನನ್ನ ಕೈ ಹಿಡಿದುಕೊಂಡ.

“ನಿಮ್ಮ ಮನಸ್ಸು ಮೆತ್ತಗೆ ಅಕ್ಕಾ. ನಾನು ಹೋದ್ಮೇಲೆ ನಿಮ್ಮ ಮೈದುನ ಅತ್ಕೊಂಡು ಬರ್ತಾನೆ. ಒಂದು ತುಂಡೂ ಕೊಡಬೇಡಿ.”