ಎರಡು ಸಲ ಜಗ್ಗಬೇಕಿತ್ತು

ಮೊನ್ನೆ ವರದಾ ನದಿಯ ದಂಡೆಯಲ್ಲಿ ಹೊಸ ಯಂತ್ರದ ಪೆಟ್ಟಿಗೆ ಬಿಚ್ಚಿದಾಗ ರಬ್ಬರಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಮುಳುಗುವವರನ್ನು ಎಳೆದು ತರುವ ಯಂತ್ರವಂತೆ. ದಂಡೆಯ ಮೇಲೆ ನಿಂತು ರಿಮೋಟ್ ಒತ್ತಿದರೆ ಸಾಕು. ನನ್ನ ತಮ್ಮ ಒತ್ತಾಯ ಮಾಡಿ ಕರೆದುಕೊಂಡು ಹೋಗಿದ್ದ. ನನಗೆ ನೆನಪಾದದ್ದು ಹಾನಗಲ್ ರಸ್ತೆಯ ಪಂಕ್ಚರ್ ಅಂಗಡಿಯ ಕಾಕಾ...

ಕಾಕಾನ ಕೈ ಸದಾ ಅದೇ ವಾಸನೆ ಹೊಡೆಯುತ್ತಿತ್ತು. ಹೊಳೆ ಏರಿತೆಂದರೆ ಟ್ರ್ಯಾಕ್ಟರ್ ಟ್ಯೂಬಿಗೆ ಗಾಳಿ ತುಂಬಿ, ಸಿಕ್ಕಿಕೊಂಡವರನ್ನು ತರಲು ಹೋಗುತ್ತಿದ್ದ. ಟ್ಯೂಬಿಗೆ ಕಟ್ಟಿದ ದಪ್ಪ ಹಗ್ಗ ದಂಡೆಯ ಮೇಲಿನ ಗಂಡಸರ ಕೈಯಲ್ಲಿ. ಅವನ ಮಣಿಕಟ್ಟಿಗೆ ಕಟ್ಟಿದ ಸಣ್ಣ ಹಗ್ಗ ನನ್ನ ಕೈಯಲ್ಲಿ. ಅವನ ಅಂಗಡಿಯ ಪಕ್ಕದ ಮನೆಯವಳು ನಾನು, ಆಗಿನ್ನೂ ಮದುವೆಯಾಗಿರಲಿಲ್ಲ.

"ಗಂಡಸರು ಬರೇ ಗದ್ದಲ ಮಾಡ್ತಾರ. ನಿನ್ನ ಕಣ್ಣು ನೆಟ್ಟಗದಾವ. ಮ್ಯಾಲಿಂದ ಏನರ ತೇಲಿ ಬಂದ್ರ ಎರಡ ಸಲ ಜಗ್ಗು ಯವ್ವಾ. ಎಲ್ಲಾ ಬಿಟ್ಟು ಟ್ಯೂಬ್ ತೆಕ್ಕಿ ಬಡೀತೇನಿ, ಇವರು ದಂಡಿಗೆ ಎಳಕೋತಾರ. ನಾ ಆ ಕಡೆ ನೋಡಂಗಿಲ್ಲ, ನೋಡೂದು ನಿಂದು," ಅನ್ನುತ್ತಿದ್ದ.

ಅದೊಂದು ಮಳೆಗಾಲ, ಸೇತುವೆ ದಾಟಲು ಹೋದ ನನ್ನ ತಮ್ಮನೇ ಕೊಚ್ಚಿಹೋಗಿ ನಡುಹೊಳೆಯ ಜಾಲಿಮರಕ್ಕೆ ಜೋತುಬಿದ್ದ. ಕಾಕಾ ನೀರಿಗಿಳಿದ. ಇನ್ನೇನು ಮರ ಮುಟ್ಟಬೇಕು, ಮೇಲಿನಿಂದ ದೊಡ್ಡದೊಂದು ದಿಮ್ಮಿ ಬರುವುದು ಕಂಡಿತು. ನಾನು ಕಂಡೆ. ಗಂಡಸರೆಲ್ಲ ತಮ್ಮನ ಕಡೆ ನೋಡುತ್ತಿದ್ದರು, ಬೇರೆ ಯಾರೂ ಕಾಣಲಿಲ್ಲ. ಜಗ್ಗಿದರೆ ಕಾಕಾ ತಮ್ಮನನ್ನು ಬಿಟ್ಟು ಬರುತ್ತಾನೆ. ತಮ್ಮನ ಕೈ ಆಗಲೇ ಸಡಿಲಾಗುತ್ತಿತ್ತು. ಇನ್ನೊಂದು ಚಣ, ದೇವರೇ, ಒಂದೇ ಚಣ ಅಂದುಕೊಂಡೆ...

ಹಗ್ಗ ಜಗ್ಗಲಿಲ್ಲ.

ಕಾಕಾ ಒಮ್ಮೆಯೂ ತಿರುಗಿ ನೋಡಲಿಲ್ಲ. ತಮ್ಮನನ್ನು ಟ್ಯೂಬಿನ ಮೇಲೆ ನೂಕಿದ, ಅಷ್ಟರಲ್ಲಿ ದಿಮ್ಮಿ ಕಾಕಾನಿಗೆ ಬಡಿಯಿತು. ಗಂಡಸರು ಜಗ್ಗಿದ ಟ್ಯೂಬಿನ ಮೇಲೆ ತಮ್ಮ ಬಂದ. ನನ್ನ ಕೈಯ ಹಗ್ಗ ಅಂಗೈ ಕೊಯ್ದು, ಹರಿದು ಬಂತು. ಕಾಕಾ ಮೂರನೆಯ ದಿನ, ಹೊಳೆಯ ಕೆಳಗೆ ಎಲ್ಲೋ ಸಿಕ್ಕ.

ಅವನ ಹೆಂಡತಿ ನನ್ನ ಅಂಗೈಯ ಗಾಯ ಸವರಿ, "ನೀ ಕಡೀತನಕ ಹಗ್ಗಾ ಬಿಡಲಿಲ್ಲ ನನ್ನವ್ವಾ," ಎಂದು ಅತ್ತಳು. ನನ್ನ ಬಾಯಿಗೆ ಅವತ್ತು ಬೀಗ ಬಿತ್ತು. ಈಗ ಆಕೆಯೂ ಇಲ್ಲ. ಹೇಳಬೇಕೆಂದರೂ ಯಾರಿಗೆ ಹೇಳಲಿ?

ಮೊನ್ನೆ ತಮ್ಮ ಯಂತ್ರ ತಂದವನನ್ನು ಕೇಳಿದ: "ಇದಕ್ಕ ರೋಬೋಟ್ ಅನ್ನಬೌದೇನ್ರಿ?"

"ಇಲ್ರಿ. ರೋಬೋಟ್ ಅಂದ್ರ ತಾನ ನೋಡಿ ತಾನ ವಿಚಾರ ಮಾಡಬೇಕು. ಇದಕ್ಕ ಕಣ್ಣಿಲ್ಲ. ಕಣ್ಣು ರಿಮೋಟ್ ಹಿಡದವರದು," ಎಂದವನು ರಿಮೋಟನ್ನು ನನ್ನ ಕೈಗಿಟ್ಟ. "ನೀವೂ ನೋಡ್ರಿ ಅಕ್ಕಾರ. ತಿರುಗಿ ಕರಿಯೂ ಗುಂಡಿ ಇದು."

ಅವನು ನೀರಿಗೆ ಬಿಟ್ಟ ಯಂತ್ರ ಆಗ ನಡುಹೊಳೆಯಲ್ಲಿತ್ತು. ನಾನು ಹೊಳೆಯ ಮೇಲ್ಗಡೆ ನೋಡಿದೆ. ತಮ್ಮ ನಗುತ್ತ, "ಒತ್ತಕ್ಕ, ಹೆದರಬ್ಯಾಡ," ಅಂದ.

ಒತ್ತಿದೆ. ಅದು ಅಲ್ಲಿಂದಲೇ ತಿರುಗಿ, ನೆಟ್ಟಗೆ ನನ್ನ ಕಾಲಬುಡಕ್ಕೆ ಬಂದು ನಿಂತಿತು.