ಯೆಫ್ರೆಮನ ಕಿರುಗುಟ್ಟುವ ಬೂಟು

ನಮ್ಮ ಯಜಮಾನರು ಯೆಫ್ರೆಮ್‌ಗೆ ಇದ್ದ ಜಂಬವೆಲ್ಲ ಕಾಲಲ್ಲೇ. ಪೀಟರ್ಸ್‌ಬರ್ಗಿನ ನಮ್ಮ ಬೀದಿಯಲ್ಲಿ ಸದ್ದು ಮಾಡದ ಬೂಟಿಗೆ ಮರ್ಯಾದೆಯಿಲ್ಲ. ಅದಕ್ಕೇ ಅವರ ಹೆಸರಿನ ಸಂತನ ಹಬ್ಬಕ್ಕೆ ನಾನು ಮೋಚಿಗೆ ಹೇಳಿ, ಅಟ್ಟೆಯೊಳಗೆ ಬರ್ಚ್ ಮರದ ತೊಗಟೆ ಇಡಿಸಿ, ಜೋರಾಗಿ ಕಿರುಗುಟ್ಟುವ ಬೂಟು ಹೊಲಿಸಿಕೊಟ್ಟೆ. ಅವರು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ನಾನು ಎಲೆಕೋಸಿನ ಸಾರು ಬಡಿಸುತ್ತಿದ್ದೆ. ಇಬ್ಬರೂ ಒಟ್ಟಿಗೇ ಊಟ.

ಅವರ ಕೆಲಸ ನಾಯಿಗಳ ಪ್ರಯೋಗಶಾಲೆಯಲ್ಲಿ. ಡಾಕ್ಟರ್ ಬರ್ಸೊವ್ ಗಂಟೆ ಬಾರಿಸಬೇಕು, ಆಮೇಲೆ ಇವರು ಮಾಂಸ ತರಬೇಕು. ಹೀಗೇ ಎಷ್ಟೋ ಸಲ ಮಾಡಿದರೆ, ಬರೀ ಗಂಟೆಗೇ ನಾಯಿಯ ಜೊಲ್ಲು ಸುರಿಯುತ್ತದಂತೆ. ನಾಯಿಯ ಕೆನ್ನೆಗೆ ಅಂಟಿಸಿದ ಗಾಜಿನ ಕೊಳವೆಯಲ್ಲಿ ಡಾಕ್ಟರು ಹನಿ ಎಣಿಸುತ್ತಿದ್ದರು. ಆದರೆ ಝುಲ್ಕಾ ಎಂಬ ಹೆಣ್ಣುನಾಯಿ ಗಂಟೆಗೆ ಮೊದಲೇ ಜೊಲ್ಲು ಸುರಿಸಿಬಿಡುತ್ತಿತ್ತು.

"ಇದು ಕೆಟ್ಟುಹೋದ ನಾಯಿ. ವಾರದೊಳಗೆ ಸರಿಹೋಗದಿದ್ರೆ ಕೊಯ್ಯೋ ಮೇಜಿಗೆ ಕಳಿಸ್ತೀನಿ," ಎಂದರು ಡಾಕ್ಟರು.

ಮರಿಯಿಂದ ಇವರೇ ಸಾಕಿದ ನಾಯಿ. ಯಜಮಾನರು ಅನ್ನ ಬಿಟ್ಟು ಕೂತರು. ಮರುದಿನ ಮಧ್ಯಾಹ್ನ ಗಂಜಿ ತೆಗೆದುಕೊಂಡು ನಾನೇ ಹೋದೆ. ನನ್ನನ್ನು ಕಂಡು ಅವರು ಪ್ರಯೋಗಶಾಲೆಯ ಪಡಸಾಲೆಯ ಆ ತುದಿಯಿಂದ ಬರಿಗೈಯಲ್ಲಿ ಬಂದರು, ಕಿರ್ರ್, ಕಿರ್ರ್. ಕೋಣೆಯೊಳಗೆ ಝುಲ್ಕಾಳ ಬಾಯಿಂದ ಧಾರೆ!

"ಅಯ್ಯೋ, ನಿಮ್ಮ ಬೂಟು ರೀ! ಈ ಸದ್ದು ಬಂದ್ರೆ ಮಾಂಸ ಬಂತು ಅಂತ ಅದು ಕಲ್ತುಬಿಟ್ಟಿದೆ!"

"ನೀನು ಹೊಲಿಸಿದ ಬೂಟು ತಾನೆ ಗ್ಲಾಶಾ!"

"ಹೂಂ, ನನ್ನ ತಲೆಗೇ ಕಟ್ಟಿ! ಮೊದಲು ಬಿಚ್ಚಿ!"

ಇದನ್ನು ಕೇಳಿಸಿಕೊಂಡ ಡಾಕ್ಟರು ಬಿಚ್ಚಲು ಬಿಡಲಿಲ್ಲ. ಬೂಟು ಸದ್ದಾದರೂ ಮಾಂಸ ಬರದು ಅಂತ ನಾಯಿ ಕಲಿಯಲೆಂದು, ಇವರನ್ನು ಮಾಂಸವಿಲ್ಲದೆ ಮತ್ತೆ ಮತ್ತೆ ನಡೆಸಿದರು. ಮೊದಲು ಹನ್ನೆರಡು ಹನಿ, ಆಮೇಲೆ ಏಳು, ಮೂರು. ಹತ್ತನೇ ಸಲಕ್ಕೆ ಒಂದೂ ಇಲ್ಲ. ಮಾರನೆಯ ದಿನ ಮತ್ತೆ ನಾಲ್ಕು ಹನಿ ಬಂತು, ಮತ್ತೆ ನಡೆಸಿದರು. ಅಲ್ಲಿಂದ ಮುಂದೆ ಯಜಮಾನರು ಕಾಲುಚೀಲದಲ್ಲೇ ಮಾಂಸ ತಂದರು. ವಾರದ ಕೊನೆಯ ದಿನ ಬರೀ ಗಂಟೆ ಬಾರಿಸಿದರೆ ಒಂಬತ್ತು ಹನಿ! "ಬದುಕಿತು!" ಎಂದು ಡಾಕ್ಟರೇ ಇವರನ್ನು ತಬ್ಬಿಕೊಂಡರಂತೆ.

ಅಂದು ಸಂಜೆ ನಾನು ಕಾದು ಕೂತಿದ್ದೆ. ಬಾಗಿಲು ತೆರೆಯಿತು, ಸದ್ದಿಲ್ಲದೆ ಯಜಮಾನರು ನಿಂತಿದ್ದರು, ಬೂಟು ಕಂಕುಳಲ್ಲಿ.

"ಇನ್ನು ಇದನ್ನ ಹಾಕಲ್ಲ ಕಣೇ, ಝುಲ್ಕಾಗೆ ನೆನಪಾದ್ರೆ?"

"ಅದಕ್ಕೆ ಮರೆಸಿದ್ದು ಸಾಕು, ನನಗೆ ಮರೆಸ್ಬೇಡಿ. ಕೆಳಗಿಳಿದು ಬೂಟು ಹಾಕ್ಕೊಂಡು ಬನ್ನಿ!"

ನಗುತ್ತಾ ಇಳಿದರು. ಮೆಟ್ಟಿಲಲ್ಲಿ ಕಿರ್ರ್ ಎಂದಿತು. ನನ್ನ ಬಾಯಲ್ಲಿ ನೀರೂರಿತು.